ಟೆಂಟಿನಲ್ಲಿ ದೇವರಾದ ದೊಡ್ಡಪ್ಪ

ದೊಡ್ಡಪ್ಪ ತೀರಿಕೊಂಡಾಗ ನಾನು ಮಣ್ಣಿಗೆ ಹೋಗಲಿಲ್ಲ. ಹೋಗಲಿಲ್ಲವಲ್ಲ ಎಂಬ ಕೊರಗು ಇವತ್ತಿಗೂ ಇಲ್ಲ. ಸತ್ತವರ ಮೇಲೆ ಎಂಥ ಹಗೆ, ಬಿಟ್ಟುಬಿಡಿ ಎಂದು ಮನೆಯಲ್ಲಿ ಹೇಳುತ್ತಾರೆ. ಬದುಕಿದ್ದಾಗಲೇ ಹಗೆ ತೀರಿಸಲು ಹೋಗಿ ಮುಖಕ್ಕೆ ಮಸಿ ಬಳಿದುಕೊಂಡವನು ನಾನು. ಅಷ್ಟು ಸುಲಭವಾಗಿ ಹೇಗೆ ಬಿಡಲಿ? ಎದುರಿಗಿದ್ದಾಗ ಅವನಿಗೆ 'ನೀವು' ಎನ್ನುತ್ತಿದ್ದೆ. ಬರೆಯುವಾಗ ಆ ಮರ್ಯಾದೆ ಕೊಡಲು ಕೈ ಬರುವುದಿಲ್ಲ.

ಮೊದಲು ಅವನು ಮಾಡಿದ್ದನ್ನು ಹೇಳಿಬಿಡುತ್ತೇನೆ.

ನಮ್ಮದು ಮಾಗಡಿ ರಸ್ತೆಯ ಪಕ್ಕದ ಹಳ್ಳಿ. ಈಗ ಅದು ಹಳ್ಳಿಯೆಂದು ಹೇಳಿದರೆ ಜನ ನಗುತ್ತಾರೆ, ಆಗ ನಮ್ಮ ಹೊಲದಲ್ಲಿ ನಿಂತರೆ ರಾಜಾಜಿನಗರದ ಹೊಸ ರಸ್ತೆಗಳಿಗೆ ಸುರಿದ ಜಲ್ಲಿಯ ಗುಡ್ಡೆಗಳು ದೂರದಲ್ಲಿ ಕಾಣುತ್ತಿದ್ದವು. ಅಪ್ಪ, ದೊಡ್ಡಪ್ಪ ಒಟ್ಟಿಗೆ ಬೇಸಾಯ ಮಾಡುತ್ತಿದ್ದರು. ಅಪ್ಪ ಬೆಳಗ್ಗೆಯಿಂದ ಸಂಜೆಯವರೆಗೆ ಮಣ್ಣಿನಲ್ಲಿ, ದೊಡ್ಡಪ್ಪ ಜಗಲಿಯ ಮೇಲೆ. ಲೇಔಟು ಹತ್ತಿರ ಬರುತ್ತಿದ್ದ ಹಾಗೆ ದೊಡ್ಡಪ್ಪನಿಗೆ ದೊಡ್ಡಮನುಷ್ಯನಾಗುವ ಚಪಲ ಹತ್ತಿತು. ಮಂಡಿಯವರೆಗೆ ಎತ್ತಿ ಕಟ್ಟುತ್ತಿದ್ದ ಪಂಚೆ ಹಿಮ್ಮಡಿಗೆ ಇಳಿಯಿತು. ಹೆಗಲಿಗೆ ಜರಿಯಂಚಿನ ವಲ್ಲಿ ಬಂತು. ಶನಿವಾರ ಭಜನೆ ಶುರುವಾಯಿತು. ಮನೆಯೊಳಗೆ ಕಾಲಿಡುವ ಮುಂಚೆ ಹೊಸ್ತಿಲ ಬಳಿ ಎಡಗಾಲಿನ ಚಪ್ಪಲಿಯನ್ನು ಎರಡು ಸಲ ನೆಲಕ್ಕೆ ಬಡಿಯುವುದು, ಸುಳ್ಳು ಹೇಳುವ ಮುಂಚೆ ವಲ್ಲಿಯ ತುದಿಯಿಂದ ತುಟಿ ಒರೆಸಿಕೊಳ್ಳುವುದು, ಮಾತು ಸೋಲುವ ಹೊತ್ತಿಗೆ "ಮನೆ ಅಂದ್ಮೇಲೆ ಒಂದು ರೀತಿ ಇರ್ಬೇಕು" ಎನ್ನುವುದು, ಇವು ಅವನ ಗುರುತು. ಆ ರೀತಿ ಏನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನಿಗೆ ಗೊತ್ತಿರುತ್ತಿರಲಿಲ್ಲ.

ನನಗೆ ಹದಿನೆಂಟಾಗಿದ್ದಾಗ ಅಪ್ಪ ಜ್ವರ ಬಂದು ಹೋದರು. ಅವ್ವ ನಡುಮನೆಯ ಮೂಲೆ ಹಿಡಿದು ಕೂತಳು. ನಾಲ್ಕು ತಿಂಗಳು ಬಾವಿಕಟ್ಟೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅಷ್ಟರಲ್ಲಿ ರಸ್ತೆಯಾಚೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಟೆಂಟು ಹಾಕಿದರು. ಸೂರ್ಯ ಮುಳುಗುತ್ತಿದ್ದ ಹಾಗೆ ಅದರ ಧ್ವನಿವರ್ಧಕದಲ್ಲಿ ದೇವರ ಪದ ಹಾಕುತ್ತಿದ್ದರು. ಅದು ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು. ಒಂದು ಸಂಜೆ ನಾನು ಅವ್ವನ ಬೆನ್ನು ಹತ್ತಿದೆ. "ಬಾರವ್ವ, ಒಂದ್ಸಲ. ಹಿಂಗೇ ಕೂತಿದ್ರೆ ಹುಚ್ಚು ಹಿಡಿಯುತ್ತೆ" ಎಂದೆ. ಅವಳು ಬೇಡ ಬೇಡ ಎನ್ನುತ್ತಲೇ ಸೆರಗು ಹೊದ್ದು ಹೊರಟಳು. ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಆಚೆ ಕಡೆಯ ಮರಳಿನ ಮೇಲೆ ಅವ್ವ ಕೂತಿದ್ದಳು. ಚಿತ್ರದಲ್ಲಿ ಒಬ್ಬ ಅಡುಗೆಭಟ್ಟ ತನ್ನ ಜುಟ್ಟನ್ನೇ ಹಿಟ್ಟಿನ ಜೊತೆ ನಾದುವ ಪ್ರಸಂಗ ಬಂತು. ಗೋಡೆಯ ಆಚೆಯಿಂದ ಅವ್ವನ ನಗು ಕೇಳಿಸಿತು. ಅವಳು ನಕ್ಕರೆ ಸದ್ದು ಮಾಡಿ ನಗುವವಳು. ನಾಲ್ಕು ತಿಂಗಳ ಮೇಲೆ ಆ ಸದ್ದು ಕೇಳಿ ನನಗೆ ಎದೆ ಹಗುರವಾಯಿತು.

ಆ ನಗುವನ್ನು ಬೇರೆಯವರೂ ಕೇಳಿಸಿಕೊಂಡಿದ್ದರು. ಮಾರನೆಯ ಬೆಳಗ್ಗೆ ಹತ್ತು ಗಂಟೆಗೆ ದೊಡ್ಡಪ್ಪ ಜಗಲಿಯಿಂದ ಎದ್ದ. "ಗಂಡನ ವರ್ಷದ ತಿಥಿ ಆಗಿಲ್ಲ, ಟೆಂಟ್‌ನಾಗೆ ಕೂತು ಹಲ್ಲು ಕಿರೀತಾಳಂತೆ. ಮನೆ ಅಂದ್ಮೇಲೆ ಒಂದು ರೀತಿ ಇರ್ಬೇಕು" ಎಂದ. ನಮ್ಮ ಜನದಲ್ಲಿ ಗಂಡ ಸತ್ತವಳಿಗೆ ಅಂಥ ಕಟ್ಟುಕಟ್ಟಳೆಗಳೇ ಇರಲಿಲ್ಲ. ನನ್ನ ಅಜ್ಜಿ ಅಜ್ಜ ಸತ್ತ ತಿಂಗಳಿಗೆ ಸಂತೆಯಲ್ಲಿ ಕೂತು ಅವರೆಕಾಯಿ ಮಾರಿದವಳು. ಇದೆಲ್ಲ ಜರಿಯಂಚಿನ ಜೊತೆ ಬಂದದ್ದು. ಅವ್ವನ ತಗಡಿನ ಟ್ರಂಕು ಹೊಸ್ತಿಲು ದಾಟಿ ಬೀದಿಗೆ ಬಂತು. ನೀರು ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು, ಎತ್ತು ಹೊಡೆದುಕೊಂಡು ಬಂದವನೊಬ್ಬ, ಎದುರು ಮನೆಯ ಮುದುಕ, ನಾಲ್ಕು ಜನ ನೋಡಿದರು. ಅವ್ವ ಟ್ರಂಕಿನ ಮೇಲೆ ಕೂರಲಿಲ್ಲ, ಅಳಲಿಲ್ಲ. ನಾವಿಬ್ಬರೂ ಟ್ರಂಕನ್ನು ಆ ಕಡೆ ಈ ಕಡೆ ಹಿಡಿದುಕೊಂಡು ರಾಜಾಜಿನಗರದ ಕಡೆ ನಡೆದೆವು.

ಅಲ್ಲಿ ಹೊಸದಾಗಿ ಎದ್ದಿದ್ದ ಒಂದು ವಠಾರದಲ್ಲಿ ಒಂದು ಕೋಣೆ ಸಿಕ್ಕಿತು. ವಠಾರದವರೆಲ್ಲ ಎಲ್ಲೆಲ್ಲಿಂದಲೋ ಬಂದವರು, ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದವರು. ಮಗನ ಓದಿಗೆಂದು ಬಂದೆವು ಎಂದು ಅವ್ವ ಹೇಳಿದಳು. ಯಾರೂ ಹೆಚ್ಚು ಕೆದಕಲಿಲ್ಲ. ಅವ್ವ ಊದುಬತ್ತಿ ಹೊಸೆಯುವುದು ಕಲಿತಳು. ಮಧ್ಯಾಹ್ನ ಐದಾರು ಹೆಂಗಸರು ಅವಳ ಬಾಗಿಲ ಮುಂದೆ ಮಣೆ ಹಾಕಿಕೊಂಡು ಕೂತು, ಇದ್ದಿಲಿನ ಕಪ್ಪು ಹಿಟ್ಟನ್ನು ಬಿದಿರುಕಡ್ಡಿಗೆ ಹೊಸೆಯುತ್ತ ಹರಟುತ್ತಿದ್ದರು. ಒಂದೆರಡು ವರ್ಷದಲ್ಲಿ ಅವಳ ನಗು ಮತ್ತೆ ಬೀದಿಯ ತುದಿಯವರೆಗೆ ಕೇಳುವ ಹಾಗಾಯಿತು. ಹೆಂಗಸರು ಅವಳನ್ನು ಅಕ್ಕಾ ಎನ್ನುತ್ತಿದ್ದರು, ಜಗಳವಾದರೆ ತೀರ್ಮಾನಕ್ಕೆ ಅವಳ ಹತ್ತಿರವೇ ಬರುತ್ತಿದ್ದರು. ಹೊರಗೆ ಹಾಕಿಸಿಕೊಂಡವಳು ಎಂಬ ಗುರುತು ಅವಳ ಮೇಲೆ ಇರಲಿಲ್ಲ. ಆ ಬೀದಿಯಲ್ಲಿ ಅವಳು ಸಂಪಾದಿಸಿದ್ದು ಅದೊಂದೇ. ಅದನ್ನು ನಾನು ಕಾಪಾಡಬೇಕಿತ್ತು.

ನನಗೆ ಅದು ಕಾಣಲಿಲ್ಲ. ನನಗೆ ಕಾಣುತ್ತಿದ್ದದ್ದು ದೊಡ್ಡಪ್ಪನ ಎಡಗಾಲಿನ ಚಪ್ಪಲಿ ಮಾತ್ರ. ನನ್ನ ಓದು ನಿಂತಿತು, ಅಕ್ಷರ ಮಾತ್ರ ದುಂಡಗಿತ್ತು. ನಾಟಕದ ಕಂಪನಿಯೊಂದಕ್ಕೆ ಮಾತುಗಳ ಪ್ರತಿ ಮಾಡಿಕೊಡುತ್ತಿದ್ದೆ. ಅಲ್ಲಿ ಹಾಡು, ಮಾತು ಬರೆಯುತ್ತಿದ್ದ ಮೇಷ್ಟ್ರೊಬ್ಬರಿಗೆ ಮದರಾಸಿನಿಂದ ಕರೆ ಬಂದಾಗ ನನ್ನನ್ನೂ ಕರೆದುಕೊಂಡು ಹೋದರು. ಕನ್ನಡ ಚಿತ್ರವೆಂದರೂ ಆಗ ಮದರಾಸಿನಲ್ಲೇ ತೆಗೆಯಬೇಕಿತ್ತು. ಮೇಷ್ಟ್ರು ನಶ್ಯ ಏರಿಸುತ್ತ ಹೇಳುವುದು, ನಾನು ಬರೆಯುವುದು. ಒಂದು ಸಂಸಾರದ ಕಥೆ ಸಿದ್ಧವಾಗುತ್ತಿತ್ತು. ಅದರಲ್ಲಿ ಒಬ್ಬ ಕೆಟ್ಟ ಅಣ್ಣ ಬೇಕಿತ್ತು. ಮೇಷ್ಟ್ರು ಬರೆಸಿದ ಅಣ್ಣ ಮೀಸೆ ತಿರುವುತ್ತ ಅಟ್ಟಹಾಸ ಮಾಡುತ್ತಿದ್ದ.

"ಮೇಷ್ಟ್ರೇ, ಕೆಟ್ಟವರು ಹಂಗೆ ನಗಲ್ಲ" ಎಂದೆ.

"ಮತ್ತೆ ಹೆಂಗಿರ್ತಾರಪ್ಪ? ನೀನೇ ಹೇಳು."

ಹೇಳಿದೆ. ಒಂದು ವಾರ ಹೇಳಿದೆ. ವಲ್ಲಿ, ತುಟಿ ಒರೆಸುವುದು, ಚಪ್ಪಲಿ ಎರಡು ಸಲ ಬಡಿಯುವುದು, 'ಮನೆ ಅಂದ್ಮೇಲೆ ಒಂದು ರೀತಿ ಇರ್ಬೇಕು', ಯಾವುದನ್ನೂ ಬಿಡಲಿಲ್ಲ. ತಮ್ಮ ಸತ್ತ ವರ್ಷದೊಳಗೆ ತಮ್ಮನ ಹೆಂಡತಿ ಬಯಲಾಟ ನೋಡಲು ಹೋದಳೆಂದು ಅಣ್ಣ ಅವಳನ್ನು ಹೊರಗೆ ಹಾಕುತ್ತಾನೆ. ತಾನೇ ಟ್ರಂಕು ಎತ್ತಿ ಬೀದಿಗೆ ಎಸೆಯುತ್ತಾನೆ. ಕೊನೆಗೆ ಪಶ್ಚಾತ್ತಾಪಪಟ್ಟು ತಲೆ ತಗ್ಗಿಸಿಕೊಂಡು ಅವಳ ಬಾಗಿಲಿಗೆ ಬರುತ್ತಾನೆ. ಅವಳು ಅವನ ಮುಖದ ಮೇಲೆ ಬಾಗಿಲು ಹಾಕುತ್ತಾಳೆ. ಮುಚ್ಚಿದ ಬಾಗಿಲನ್ನು ತೋರಿಸುತ್ತಲೇ ಚಿತ್ರ ಮುಗಿಯುತ್ತದೆ. ಆ ಬಾಗಿಲನ್ನು ಮತ್ತೆ ಮತ್ತೆ ತಿದ್ದಿ ಬರೆದೆ. ಎಂಥ ಸುಖ ಅದು! ಊರೂರಿನ ಟೆಂಟಿನಲ್ಲಿ ಜನ ಅವನಿಗೆ ಥೂ ಎಂದು ಉಗಿಯಬೇಕು, ಕೊನೆಗೆ ಅವನೂ ನೋಡಬೇಕು, ನೋಡಿ ಬೀದಿಯಲ್ಲಿ ತಲೆಯೆತ್ತದ ಹಾಗಾಗಬೇಕು.

ಎರಡು ಕಡೆ ನಿರ್ದೇಶಕರು ಕೈ ಹಾಕಿದರು. ಒಂದು, ಅವ್ವನ ನಗು. "ಗಂಡ ಸತ್ತೋಳು ನಕ್ಕರೆ ಜನ ಒಪ್ಪಲ್ಲಪ್ಪ, ಆಟ ನೋಡ್ತಾ ಕಣ್ಣೀರು ಹಾಕ್ಲಿ" ಎಂದರು. ಒಪ್ಪಿಕೊಂಡೆ. ಅತ್ತರೆ ಮರುಕ ಹೆಚ್ಚು ಬರುತ್ತದೆ, ಮರುಕ ಹೆಚ್ಚಿದಷ್ಟೂ ದೊಡ್ಡಪ್ಪನಿಗೆ ಉಗಿತ ಹೆಚ್ಚು ಎಂದು ಲೆಕ್ಕ ಹಾಕಿದೆ. ಇನ್ನೊಂದು, ಅಣ್ಣನ ಪಾತ್ರಕ್ಕೆ ಅವರು ಹಿಡಿದು ತಂದ ನಟ. ದೇವರ ವೇಷಕ್ಕೇ ಹೆಸರಾದವರು. "ದೇವರ ಮುಖದಿಂದ ಪಾಪ ಮಾಡಿಸ್ಬೇಕು. ಜನ ಬೆಚ್ಚಿಬೀಳ್ಬೇಕು" ಎಂದು ನಿರ್ದೇಶಕರು ತಮ್ಮ ಬುದ್ಧಿಯನ್ನು ತಾವೇ ಮೆಚ್ಚಿಕೊಂಡರು. ನನಗೂ ಅದು ಭಾರಿ ಬುದ್ಧಿವಂತಿಕೆಯೆಂದೇ ಕಂಡಿತು. ಆ ನಟರಿಗೆ ಚಪ್ಪಲಿ ಬಡಿಯುವುದನ್ನು ಕಲಿಸಿಕೊಟ್ಟವನು ನಾನೇ. ಮೂರೇ ಸಲಕ್ಕೆ ಕಲಿತರು. ಥೇಟ್ ದೊಡ್ಡಪ್ಪ.

ಚಿತ್ರ ಪೇಟೆಯ ಟಾಕೀಸುಗಳಲ್ಲಿ ಓಡಿ, ಮಳೆಗಾಲ ಮುಗಿದ ಮೇಲೆ ನಮ್ಮ ಮಾಗಡಿ ರಸ್ತೆಯ ಟೆಂಟಿಗೆ ಬಂತು. ನಾನು ಮದರಾಸಿನಿಂದ ಅದಕ್ಕೆಂದೇ ಬಂದೆ. ಒಂದು ಸಂಗತಿ ನನಗೆ ತಿಳಿದಿರಲಿಲ್ಲ. ನಮ್ಮ ಚಿತ್ರಕ್ಕೆ ಮುಂಚೆ ಆ ಟೆಂಟಿನಲ್ಲಿ ಆರು ವಾರ ಓಡಿದ್ದು ಒಂದು ಪುರಾಣದ ಚಿತ್ರ. ಅದರಲ್ಲಿ ಭಕ್ತೆಯೊಬ್ಬಳನ್ನು ನಾನಾ ಬಗೆಯಲ್ಲಿ ಕಾಡಿ, ಪರೀಕ್ಷಿಸಿ, ಕೊನೆಗೆ ಕೈಲಾಸಕ್ಕೆ ಕರೆದೊಯ್ಯುವ ಈಶ್ವರನ ವೇಷ ಹಾಕಿದ್ದವರು ಇದೇ ನಟ. ಆರು ವಾರ ಜನ ಟೆಂಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದರು. ತೆರೆಯ ಮುಂದೆ ಕಾಯಿ ಒಡೆದಿದ್ದರು. ಹೇರೋಹಳ್ಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದು ನೋಡಿದ್ದರು.

ಮೊದಲ ದಿನದ ಮೊದಲಾಟಕ್ಕೆ ಅವ್ವನನ್ನು ಕರೆದುಕೊಂಡು ಹೋದೆ. ಏನು ಚಿತ್ರ, ಯಾರ ಕಥೆ ಎಂದು ಅವಳಿಗೆ ಹೇಳಿರಲಿಲ್ಲ. ನೋಡಲಿ, ನೋಡಿ ಅವಳಿಗೇ ತಿಳಿಯಲಿ, ಮಗ ಎಂಥ ಸೇಡು ತೀರಿಸಿದ ಎಂದು ಎದೆ ತುಂಬಿಬರಲಿ ಎಂಬ ಆಸೆ. ಅವಳು ಗೋಡೆಯ ಆಚೆ ಕೂತಳು. ಈಚೆ ನಾನು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತೆ. ದೀಪ ಆರಿತು. ಪಂಚೆ, ಜರಿಯಂಚಿನ ವಲ್ಲಿಯಲ್ಲಿ ಆ ನಟ ಜಗಲಿಯ ಮೇಲೆ ಕಾಣಿಸಿಕೊಂಡರು. ಹೆಂಗಸರ ಕಡೆಯಿಂದ ಬಳೆಗಳ ಸದ್ದು ಬಂತು. ತಿರುಗಿ ನೋಡಿದರೆ ಸಾಲುಸಾಲಾಗಿ ಕೈ ಮುಗಿಯುತ್ತಿದ್ದರು!

ವೇಷ ಬದಲಾಯಿಸಿಕೊಂಡು ಬಂದಿದ್ದಾನೆ, ಅಷ್ಟೇ, ಎಂದು ಜನ ತಿಳಿದಿದ್ದರು. ಈಶ್ವರ ಜಂಗಮನಾಗಿ ಬರುತ್ತಾನೆ, ಬೇಡನಾಗಿ ಬರುತ್ತಾನೆ, ಈ ಸಲ ಅಣ್ಣನಾಗಿ ಬಂದಿದ್ದಾನೆ. ಅವನು ತುಟಿ ಒರೆಸಿಕೊಂಡು ಸುಳ್ಳು ಹೇಳಿದಾಗ "ಲೀಲೆ ನೋಡ್ಲಾ" ಎಂದು ನನ್ನ ಪಕ್ಕದವನು ತನ್ನ ಗೆಳೆಯನನ್ನು ತಿವಿದ. ಹೊರಗೆ ಹಾಕುವ ಪ್ರಸಂಗ ಬಂತು. ಅಣ್ಣ ಟ್ರಂಕು ಎತ್ತಿ ಬೀದಿಗೆ ಎಸೆದ. "ಮನೆ ಅಂದ್ಮೇಲೆ ಒಂದು ರೀತಿ ಇರ್ಬೇಕು" ಎಂದ. ಹೊಸ್ತಿಲಲ್ಲಿ ಚಪ್ಪಲಿ ಎರಡು ಸಲ ಬಡಿದ. ಆ ಹೆಣ್ಣುಮಗಳು ಟ್ರಂಕಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು.

ಟೆಂಟು ಹಾರಿಹೋಗುವ ಹಾಗೆ ಶಿಳ್ಳೆ ಬಿತ್ತು. "ಒನ್ಸ್ ಮೋರ್! ಒನ್ಸ್ ಮೋರ್!"

ಕಂಪನಿ ನಾಟಕ ನೋಡಿ ಬೆಳೆದ ಜನ. ಹಾಡು ಮೆಚ್ಚಿದರೆ, ಮಾತು ಮೆಚ್ಚಿದರೆ ಇನ್ನೊಮ್ಮೆ ಕೇಳುವುದು ಅವರ ಹಕ್ಕು. ಟೆಂಟಿನಲ್ಲೂ ಆ ಹಕ್ಕನ್ನು ಬಿಟ್ಟಿರಲಿಲ್ಲ. ಟೆಂಟಿನವರ ಹತ್ತಿರ ಇದ್ದದ್ದು ಒಂದೇ ಮಿಷನ್ನು. ಆಪರೇಟರು ಅದನ್ನು ನಿಲ್ಲಿಸಿ, ದೀಪ ಹಾಕಿ, ರೀಲನ್ನು ಹಿಂದಕ್ಕೆ ಸುತ್ತಿ, ಮತ್ತೆ ಏರಿಸಬೇಕು. ಜನ ಕಡಲೆಕಾಯಿ ತಿನ್ನುತ್ತ ಕಾದರು. ಒಬ್ಬ ಮುದುಕಿ ಎದ್ದು ಹೋಗಿ ತೆರೆಯ ಮುಂದಿನ ಮರಳಿನಲ್ಲಿ ಊದುಬತ್ತಿ ಸಿಕ್ಕಿಸಿ ಅಡ್ಡಬಿದ್ದಳು. ಆ ಊದುಬತ್ತಿ ಅವ್ವನ ಕೈಯಲ್ಲೇ ಹೊಸೆದದ್ದಾಗಿದ್ದರೂ ಆಶ್ಚರ್ಯವಿಲ್ಲ. ಆ ಬಯಲಿಗೆಲ್ಲ ನಮ್ಮ ವಠಾರದ್ದೇ ಹೋಗುತ್ತಿತ್ತು. ದೀಪ ಆರಿತು. ದೊಡ್ಡಪ್ಪ ನನ್ನ ಅವ್ವನನ್ನು ಇನ್ನೊಮ್ಮೆ ಹೊರಗೆ ಹಾಕಿದ.

ನಾನು ತಡೆಯಲಾರದೆ ಎದ್ದು ನಿಂತೆ. "ಅವ್ನು ದೇವ್ರಲ್ಲ ಕಣ್ರಯ್ಯಾ! ಕಟುಕ! ಕಥೆ ಬರ್ದೋನು ನಾನೇ, ನಾನ್ ಹೇಳ್ತೀನಿ ಕೇಳ್ರಿ!" ಎಂದು ಕೂಗಿದೆ.

"ಕೂತ್ಕೊಳ್ಳೋ ಲೇ, ಮರೆಯಾಗುತ್ತೆ" ಎಂದಿತು ಹಿಂದಿನ ಸಾಲು. ಯಾರೋ ನನ್ನ ಪಂಚೆ ಹಿಡಿದೆಳೆದು ಕೂರಿಸಿದರು. ಪಕ್ಕದವನು ಸಮಾಧಾನ ಹೇಳಿದ. "ಯಾಕ್ ಅಂಗಾಡ್ತೀಯಪ್ಪ? ಪರೀಕ್ಷೆ ಮಾಡ್ತಾವ್ನೆ. ಕೊನೇಲಿ ಎಲ್ಲ ಸರಿ ಮಾಡ್ತಾನೆ, ತಾಳು."

ಕೊನೆಯ ದೃಶ್ಯ ಬಂತು. ಅಣ್ಣ ತಲೆ ತಗ್ಗಿಸಿ ನಿಂತ. ಅವಳು ಬಾಗಿಲು ಹಾಕಿದಳು. ನಾನು ಮದರಾಸಿನಲ್ಲಿ ಮತ್ತೆ ಮತ್ತೆ ತಿದ್ದಿ ಬರೆದ ಬಾಗಿಲು. ಗೋಡೆಯ ಆಚೆ ಒಬ್ಬ ಹೆಂಗಸು ಮೂಗು ಸೀಟಿಕೊಂಡು ಹೇಳಿದಳು: "ಪಾಪ, ದೇವ್ರೇ ಬಾಗ್ಲಿಗೆ ಬಂದವ್ನೆ. ನಾಚ್ಕೆಗೆ ಮುಖ ತೋರ್ಸಕ್ಕಾಗ್ದೆ ಬಾಗ್ಲು ಹಾಕ್ಕೊಂಡ್ಳು."

ಇನ್ನೊಬ್ಬಳು ಅಂದಳು: "ತಪ್ಪಲ್ವಾ ಮತ್ತೆ? ವರ್ಷ ತುಂಬದೆ ಆಟ ನೋಡಕ್ಕೆ ಹೋಗ್ಬೌದಾ?" ಹೀಗೆ ಅಂದವಳು ಸ್ವತಃ ಟೆಂಟಿನ ಮರಳಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಕಡಲೆಕಾಯಿ ಸಿಪ್ಪೆ ಇತ್ತು!

ಹೊರಗೆ ಬಂದಾಗ ಅವ್ವನ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. "ಸಾರು ಆರೋಗಿರುತ್ತೆ, ನಡಿ" ಎಂದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಎದೆ ತುಂಬಿದೆ, ಮಾತು ಬರುತ್ತಿಲ್ಲ ಎಂದುಕೊಂಡೆ. ಅವರವರಿಗೆ ಬೇಕಾದಂತೆ ಅರ್ಥ ಮಾಡಿಕೊಂಡರೆಂದು ಟೆಂಟಿನ ಜನರನ್ನು ಬೈಯುತ್ತ ನಡೆದ ನಾನು ಆ ಹೊತ್ತು ಮಾಡಿದ್ದೂ ಅದನ್ನೇ.

ದೊಡ್ಡಪ್ಪ ಮೂರನೆಯ ದಿನ ನೋಡಿದ. ಟೆಂಟಿನವರು ಮುಂದೆ ಕುರ್ಚಿ ಹಾಕಿಸಿ ಕೂರಿಸಿದ್ದರಂತೆ. ಮೊದಲ ಸಲ ಚಪ್ಪಲಿ ಬಡಿದಾಗಲೇ ನಮ್ಮ ಹಳ್ಳಿಯವರು "ಇದು ನಮ್ ಯಜಮಾನ್ರೇ!" ಎಂದು ಕೂಗಿದರಂತೆ. ದೊಡ್ಡಪ್ಪ ಕುರ್ಚಿಯಿಂದ ಎದ್ದು ಎಲ್ಲರ ಕಡೆ ತಿರುಗಿ ಕೈ ಮುಗಿದನಂತೆ. ನಾಚಿಕೆಯಿಂದ ಸಾಯಲೆಂದು ನಾನು ಬರೆದದ್ದು. ಅವನು ಸನ್ಮಾನ ಮಾಡಿಸಿಕೊಂಡ. ಮಾರನೆಯ ದಿನದಿಂದ ಎದುರು ಸಿಕ್ಕವರಿಗೆಲ್ಲ ಅದೇ ಮಾತು: "ನಮ್ ತಮ್ಮನ ಮಗ ನನ್ ಮೇಲೆ ಪಿಕ್ಚರ್ ಬರ್ದವ್ನೆ. ಅವ್ನವ್ವನ ಕಥೇನೂ ಐತೆ ಅದ್ರಾಗೆ."

ಹಳ್ಳಿಯಿಂದ ಟೆಂಟಿಗೆ, ಟೆಂಟಿನಿಂದ ನಮ್ಮ ವಠಾರಕ್ಕೆ ಮಾತು ಬರಲು ಎರಡು ದಿನವೂ ಹಿಡಿಯಲಿಲ್ಲ. ನಲ್ಲಿಯ ಹತ್ತಿರ ಒಬ್ಬಳು ಅವ್ವನನ್ನು ಕೇಳಿಯೇಬಿಟ್ಟಳು: "ಪಿಕ್ಚರ್‌ನಾಗಿರೋಳು ನೀವೇ ಅಂತೆ, ಹೌದಾಕ್ಕ?" ಅವ್ವ ಕೊಡ ತುಂಬಿಸಿಕೊಂಡು ಬಂದಳು. ಮಧ್ಯಾಹ್ನ ಅವಳ ಬಾಗಿಲ ಮುಂದೆ ಮಣೆಗಳು ಐದರಿಂದ ಎರಡಕ್ಕೆ ಇಳಿದವು, ಮರುದಿನ ಒಂದೂ ಇಲ್ಲ. ಅವರೆಲ್ಲ ಎದುರುಮನೆಯ ನೆರಳಿನಲ್ಲಿ ಕೂತು ಹೊಸೆಯುತ್ತಿದ್ದರು. ಸೊಸೆಯನ್ನು ಗದರುವ ಅತ್ತೆಯೊಬ್ಬಳು "ಮನೆ ಅಂದ್ಮೇಲೆ ಒಂದು ರೀತಿ ಇರ್ಬೇಕು" ಎಂದದ್ದು ಆ ಕಡೆಯಿಂದ ನನ್ನ ಕಿವಿಗೆ ಬಿತ್ತು. ನಾನು ಬರೆದ ಮಾತು. ಎಷ್ಟು ಚೆನ್ನಾಗಿ ಬಾಯಿಪಾಠವಾಗಿತ್ತು!

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬಂದದ್ದು ಸಿಟ್ಟು. ಟೆಂಟಿನ ಮೇಲೆ, ಆ ನಟರ ಮೇಲೆ, ನಿರ್ದೇಶಕರ ಮೇಲೆ, ಕಡಲೆಕಾಯಿಯವಳ ಮೇಲೆ. ಎಲ್ಲರ ಮೇಲೂ ಕೋಪ ಮಾಡಿಕೊಂಡು ಮದರಾಸಿನ ರೈಲು ಹತ್ತದೆ ಮನೆಯಲ್ಲೇ ಉಳಿದೆ. ಇನ್ನೊಂದು ಕಥೆ ಬರೆಯುತ್ತೇನೆ, ಅದರಲ್ಲಿ ದೊಡ್ಡಪ್ಪ ಹುಳ ಬಿದ್ದು ಸಾಯುತ್ತಾನೆ, ಆಗ ಯಾವ ಮುದುಕಿ ಊದುಬತ್ತಿ ಹಚ್ಚುತ್ತಾಳೋ ನೋಡೋಣ ಎಂದು ಹಲ್ಲು ಕಡಿಯುತ್ತಿದ್ದೆ.

ಆ ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಅವ್ವ ಒಬ್ಬಳೇ ಹೊಸ್ತಿಲ ಒಳಗೇ ಮಣೆಯ ಮುಂದೆ ಕೂತಿದ್ದಳು. ಹೊಸ್ತಿಲಲ್ಲಿ ಟಪ್ ಟಪ್ ಎಂದು ಚಪ್ಪಲಿ ಎರಡು ಸಲ ಬಡಿಯಿತು. ದೊಡ್ಡಪ್ಪ ನಿಂತಿದ್ದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ. ಎದುರುಮನೆಯ ನೆರಳಿನಲ್ಲಿ ಹೊಸೆಯುತ್ತಿದ್ದ ಕೈಗಳೆಲ್ಲ ನಿಂತವು. ದೊಡ್ಡಪ್ಪ ಅವರ ಕಡೆ ಒಮ್ಮೆ ನೋಡಿ, ಚಿತ್ರದಲ್ಲಿದ್ದ ಹಾಗೆಯೇ ತಲೆ ತಗ್ಗಿಸಿದ. ಬಂದದ್ದು ಆ ದೃಶ್ಯ ಆಡುವುದಕ್ಕೇ ಎಂದು ನನಗೆ ತಟ್ಟನೆ ಹೊಳೆಯಿತು.

"ಆದದ್ದಾಯ್ತು ಕಣಮ್ಮ" ಎಂದ, ವಲ್ಲಿಯ ತುದಿಯಿಂದ ತುಟಿ ಒರೆಸಿಕೊಂಡು. "ನಾನು ಅವತ್ತು ಮಾಡಿದ್ದು ನಿನ್ ಒಳ್ಳೇದಕ್ಕೇ. ಅದು ನಿನ್ ಮಗನಿಗೂ ಅರ್ಥವಾಗೈತೆ. ಅದ್ಕೇ ಅಲ್ವಾ ಅಷ್ಟು ಚೆನ್ನಾಗಿ ಬರ್ದಿರೋದು? ಬಾ, ಮನೆಗೋಗನ."

ಈಗ ಅವ್ವ ಬಾಗಿಲು ಹಾಕುತ್ತಾಳೆ, ನಾನು ಬರೆದ ಹಾಗೇ ಹಾಕುತ್ತಾಳೆ ಎಂದು ಕಾದೆ. ಅವಳು ಕಡ್ಡಿ ಹೊಸೆಯುತ್ತಲೇ ಇದ್ದಳು. ತಡೆಯಲಾಗಲಿಲ್ಲ, ಒಳಗಿನಿಂದ ನುಗ್ಗಿ ಬಂದು ಹೊಸ್ತಿಲ ಆಚೆ ಅವನ ಎದುರಿಗೇ ನಿಂತೆ.

"ಏನ್ರೀ ಚೆನ್ನಾಗಿ ಬರ್ದಿರೋದು? ನಿಮಗೆ ಉಗೀಲಿ ಅಂತ ಬರ್ದಿದ್ದು! ನಮ್ಮವ್ವನ ಟ್ರಂಕ್ ತಗೊಂಡೋಗಿ ಬೀದೀಲಿ ಎಸೆದ ಕೈ ಇದೇ ಅಲ್ವಾ?"

ದೊಡ್ಡಪ್ಪ ತಲೆಯೆತ್ತಿದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಅಚ್ಚರಿಯಿತ್ತು. ಈ ಸಲ ತುಟಿ ಒರೆಸಿಕೊಳ್ಳಲಿಲ್ಲ.

"ನಾನು ಟ್ರಂಕ್ ಮುಟ್ಟಿದ್ನೇನಮ್ಮ?" ಎಂದು ಅವ್ವನನ್ನು ಕೇಳಿದ. "ನೀನೇ ಹೇಳು."

ಅವ್ವ ಕಡ್ಡಿಯನ್ನು ಮಣೆಯ ಮೇಲಿಟ್ಟು ನನ್ನ ಕಡೆ ನೋಡಿದಳು. ಅಷ್ಟು ದಿನ ಅವಳ ಮುಖದಲ್ಲಿ ಏನೂ ಇಲ್ಲವೆಂದುಕೊಂಡಿದ್ದೆನಲ್ಲ, ಎಲ್ಲವೂ ಅಲ್ಲೇ ಇತ್ತು.

"ಭಾವ ಮುಟ್ಲಿಲ್ಲ" ಎಂದಳು. "ಭಾವ ಹೇಳಿದ್ರು, ಎತ್ತಿ ಆಚೆ ಇಟ್ಟಿದ್ದು ನೀನು ಕಣೋ."

ಹೌದು. ನಾನು. "ಎತ್ತಿ ಆಚೆಗಿಡ್ಲಾ ಅದನ್ನ" ಎಂದು ದೊಡ್ಡಪ್ಪ ನನಗೆ ಹೇಳಿದ್ದ. ಹದಿನೆಂಟು ವರ್ಷದವನು, ಟೆಂಟಿಗೆ ಬಾ ಬಾ ಎಂದು ಎಳೆದುಕೊಂಡು ಹೋದವನೇ ನಾನು, ಆ ಮಾತನ್ನು ಅವನಿಗೆ ಹೇಳದೆ ಬಾಯಿ ಮುಚ್ಚಿಕೊಂಡು ಟ್ರಂಕು ಎತ್ತಿದೆ. ಹೊಸ್ತಿಲು ದಾಟಿಸಿದೆ. ಅದರ ಹಿಡಿ ಅಂಗೈಗೆ ಒತ್ತಿದ್ದು ಈಗಲೂ ನೆನಪಿದೆ. ಇಷ್ಟು ಹೊತ್ತು ಬರೆಯುತ್ತ ಬಂದವನು 'ಟ್ರಂಕು ಬೀದಿಗೆ ಬಂತು' ಎಂದು ನಿಮಗೂ ಹೇಳಿ ದಾಟಿಸಿಬಿಟ್ಟೆ. ತಾನಾಗಿಯೇ ನಡೆದುಕೊಂಡು ಬಂದ ಹಾಗೆ.

"ಅದನ್ನ ನಾನು ಅವತ್ತೇ ಮರ್ತಿದ್ದೆ" ಎಂದಳು ಅವ್ವ. "ಹೆದರ್ಕೊಂಡಿದ್ದೆ ನೀನು, ಇನ್ನೇನ್ ಮಾಡ್ತೀಯ. ಅವತ್ತು ನಾಲ್ಕು ಜನ ನೋಡಿದ್ರು. ನೀನು ದಿನಾ ಎರಡಾಟ ಹಾಕ್ಸಿದೀಯ. ಸಾಲ್ದು ಅಂತ ಒನ್ಸ್ ಮೋರ್ ಬೇರೆ. ಹೋಗ್ಲಿ, ಇದ್ದಂಗಾದ್ರೂ ತೋರಿಸ್ದ್ಯಾ? ನಾನು ಅವತ್ತು ಟ್ರಂಕ್ ಮೇಲೆ ಬಿದ್ದು ಅತ್ನಾ? ಟೆಂಟಲ್ಲಿ ಅತ್ನಾ? ನಗಾಡಿದ್ದೆ ಕಣೋ. ನಿಮ್ಮಪ್ಪ ಹೋದ್ಮೇಲೆ ಅದೊಂದ್ಸಲ ನಕ್ಕಿದ್ದೆ. ಅದನ್ನೂ ಕಿತ್ಕೊಂಡೆ."

ಅವಳ ದನಿ ಏರಲಿಲ್ಲ. ಎದುರುಮನೆಯವರಿಗೆ ಕೇಳುವಷ್ಟಿತ್ತು, ಅಷ್ಟೇ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು.

"ತಟ್ಟೆ ತಗೊಂಡು ಹೊರಡಿ ಭಾವ. ನಿಮ್ ರೀತಿ ನಿಮ್ ಮನೇಲಿರ್ಲಿ."

ಮಣೆಯನ್ನೂ ಹಿಟ್ಟಿನ ಬೋಗುಣಿಯನ್ನೂ ಒಳಕ್ಕೆ ಎಳೆದುಕೊಂಡಳು. ಕಪ್ಪು ಕೈಗಳಿಂದ ಬಾಗಿಲು ಹಿಡಿದು ಮುಚ್ಚಿದಳು. ಒಳಗೆ ಚಿಲಕ ಬಿತ್ತು.

ನಾನು ಅವಳನ್ನು ಕೂಗಲಿಲ್ಲ. ಚಿಲಕ ಬೀಳುವಾಗ ನಾನು ಯಾವ ಕಡೆ ಇದ್ದೆ ಎನ್ನುವುದು ನನಗೆ ಕಾಣುತ್ತಿತ್ತು. ದೊಡ್ಡಪ್ಪ, ನಾನು ಹೆಗಲಿಗೆ ಹೆಗಲು ತಾಗುವ ಹಾಗೆ ಹೊಸ್ತಿಲ ಆಚೆ ನಿಂತಿದ್ದೆವು, ಅವನ ಕೈಯಲ್ಲಿ ತಟ್ಟೆ, ನನ್ನ ಕೈ ಖಾಲಿ. ಬಾಗಿಲ ಮೇಲೆ ಅವಳ ಬೆರಳುಗಳ ಇದ್ದಿಲ ಗುರುತು ಮೂಡಿತ್ತು.

ದೊಡ್ಡಪ್ಪ ಬಾಳೆಹಣ್ಣಿನ ಚಿಪ್ಪನ್ನು ತಟ್ಟೆಯಲ್ಲಿ ಸರಿಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿ ಮೆತ್ತಗೆ ಹೇಳಿದ: "ಪಾಪ, ನಾಚ್ಕೆ ಆಗೈತೆ ಕಣೋ ಅವಳಿಗೆ."